ಲಾರಿ ಪೆಡಲಿಗೆ ಕಟ್ಟಿದ ಗಿಟಾರ್

ಗಿಟಾರಿನಿಂದ ಹೊರಟ ತಂತಿ ಮೊದಲು ಡಿಸ್ಟಾರ್ಷನ್ ಡಬ್ಬಿಗೆ ಹೋಗುತ್ತಿತ್ತು. ದನಿಯನ್ನು ಒರಟು ಮಾಡಿ, ಎಳೆದು ಉದ್ದ ಮಾಡುವ ಡಬ್ಬಿ ಅದು. ಅಲ್ಲಿಂದ ಎಕೋ ಡಬ್ಬಿಗೆ, ಎಕೋದಿಂದ ಎಲ್ಲ ವಾದ್ಯಗಳ ದನಿ ಸೇರಿಸುವ ಮಿಕ್ಸರಿಗೆ. ಇಷ್ಟೇ. ಇವುಗಳ ನಡುವೆ ಇನ್ನೊಂದು ವಸ್ತುವನ್ನು ಎಲ್ಲಿ ತೂರಿಸಬೇಕು ಎಂಬ ಪ್ರಶ್ನೆ ನನ್ನ ಒಂದು ಇಡೀ ಮದುವೆ ಸೀಸನ್ನನ್ನು ತಿಂದುಹಾಕಿತು.

ನೆನಪು ಈಗ ಆ ದಿನಗಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತದೆ. ಮೊದಲು ಇದಾಯಿತು, ಆಮೇಲೆ ಇದು, ಕೊನೆಗೆ ಇದು ಎನ್ನುತ್ತದೆ. ನಾನು ಆ ಸಾಲನ್ನು ನಂಬುವುದಿಲ್ಲ. ಆಗ ಎಲ್ಲವೂ ಒಟ್ಟಿಗೆ ಕೈಕೊಡುತ್ತಿದ್ದವು. ತಂತಿಗಳನ್ನು ಯಾವಾಗ ಯಾವ ಕ್ರಮದಲ್ಲಿ ಸಿಕ್ಕಿಸಿದ್ದೆ ಎಂಬುದೊಂದು ಮಾತ್ರ ಖಚಿತವಾಗಿ ನೆನಪಿದೆ. ಅದನ್ನೇ ಹಿಡಿದುಕೊಂಡು ಬರೆಯುತ್ತೇನೆ.

ಹೊಸಪೇಟೆಯ ಒಂದು ಆರ್ಕೆಸ್ಟ್ರಾದಲ್ಲಿ ನಾನು ಗಿಟಾರ್ ನುಡಿಸುತ್ತಿದ್ದೆ. ಅದಿರಿನ ಭರಾಟೆಯ ವರ್ಷಗಳು. ಸಂಡೂರಿನ ಗುಡ್ಡಗಳಿಂದ ಇಳಿಯುವ ಲಾರಿಗಳ ಜೊತೆ ಮದುವೆಗಳೂ ದೊಡ್ಡವಾದವು. ಮೊದಲು ಬ್ಯಾಂಡಿನವರೇ ಸಾಕಾಗುತ್ತಿದ್ದ ಮನೆಗಳಿಗೆ ಈಗ ಆರ್ಕೆಸ್ಟ್ರಾ ಬೇಕಾಗಿತ್ತು. ನಮ್ಮನ್ನು ಜನ ಕೇಳಿಕೊಂಡು ಬರುತ್ತಿದ್ದುದು ಮುಖ್ಯವಾಗಿ ಒಂದು ಹಾಡಿಗೆ. ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಹಾಡುವ ಹಾಡು ಅದು. ಶುರುವಿನಲ್ಲಿ ಗಿಟಾರ್ ಒಂದೇ. ತಂತಿ ಮೀಟುವಾಗ ದನಿ ಸೊನ್ನೆ. ಮೀಟಿದ ಮರುಗಳಿಗೆ ಬಲಗೈಯ ಕಿರುಬೆರಳಿನಿಂದ ಗಿಟಾರಿನ ಮೈಮೇಲಿನ ವಾಲ್ಯೂಮ್ ಗುಂಡಿಯನ್ನು ತಿರುಗಿಸಬೇಕು. ಮೀಟಿದ ‘ಟಣ್’ ಯಾರಿಗೂ ಕೇಳದು. ದನಿ ಎಲ್ಲಿಂದಲೋ ಉಬ್ಬಿ ಬಂದು ಎಕೋದಲ್ಲಿ ಕರಗುತ್ತದೆ, ಅಳು ತಡೆದುಕೊಂಡವರ ಗಂಟಲಿನ ಹಾಗೆ. ಮುಂದಿನ ಸಾಲಿನ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರೆ ಕಾರ್ಯಕ್ರಮ ಗೆದ್ದಂತೆ.

ಆ ಕಿರುಬೆರಳು ನಮ್ಮ ಟೆಂಪೋದ ಹಿಂದಿನ ಬಾಗಿಲಿಗೆ ಸಿಕ್ಕಿತು. ಸ್ಪೀಕರ್ ಪೆಟ್ಟಿಗೆ ಇಳಿಸುತ್ತಿದ್ದೆವು, ಗಾಡಿ ಹಿಂದಕ್ಕೆ ಸರಿಯಿತು. ಮೂಳೆ ಕೂಡಿಕೊಂಡಿತು, ಗೆಣ್ಣು ಮಾತ್ರ ಮತ್ತೆ ಬಾಗಲಿಲ್ಲ. ಉಳಿದ ಬೆರಳುಗಳಿಂದ ಮೀಟಬಲ್ಲೆ. ಗುಂಡಿ ತಿರುಗಿಸಲಾರೆ.

ಆರ್ಕೆಸ್ಟ್ರಾದ ಮಾಲೀಕರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಅವರೇ ಗಂಡುದನಿಯ ಗಾಯಕರು. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರಾಕ್ಟೀಸು ನಡೆದಿದ್ದಾಗ ಅಣ್ಣ ನನ್ನ ಬೆರಳು ನೋಡಿ, ಆಮೇಲೆ ಕೀಬೋರ್ಡಿನವನ ಕಡೆ ನೋಡಿದರು. ಕೀಬೋರ್ಡಿನವನು ಬಳ್ಳಾರಿಯ ಹುಡುಗಾಟದ ಮನುಷ್ಯ. ಒಂದು ಬಟನ್ ಒತ್ತಿ ನಮ್ಮ ಹಾಡಿನ ಶುರುವನ್ನು ಪಿಟೀಲಿನ ದನಿಯಲ್ಲಿ ನುಡಿಸಿಯೇ ಬಿಟ್ಟ.

“ಹೆಂಗೈತಿ ಗುರೂ? ಇದಕ್ಕ ಬೆರಳು ಮುರಿಯಂಗಿಲ್ಲ, ನೋಡು!”

“ಸುಮ್ಮನಿರಲೇ,” ಎಂದರು ಅಣ್ಣ. ನನಗೆ ಹೇಳಿದ್ದು ಬೇರೆ: “ತಮ್ಮಾ, ನಾ ನಿನ್ನ ತೆಗೀತೀನಿ ಅನ್ನಂಗಿಲ್ಲ. ಸಂಡೂರಾಗ ಗಣಿ ಸಾವ್ಕಾರ್ರ ಮದುವಿ ಐತಿ. ಆ ಹಾಡು ಮದ್ಲಿನಂಗ ಬರಬೇಕು. ಬಂತಂದ್ರ ನೀನ ಹೊಡಿ. ಬರಲಿಲ್ಲಂದ್ರ ಅವ ಹೊಡೀತಾನ.”

ಮನೆಯಲ್ಲಿ ಹೆಂಡತಿಯ ತಮ್ಮ ನನಗೊಂದು ಕೆಲಸ ನೋಡಿಟ್ಟಿದ್ದ, ಅದಿರು ಲಾರಿಗಳನ್ನು ತೂಗುವ ವೇಬ್ರಿಜ್ಜಿನಲ್ಲಿ. ಹೆಂಡತಿ ಅನ್ನ ಬಡಿಸುತ್ತ, “ಅಲ್ಲಿ ಕುಂತ್ರ ಬೆರಳೂ ಬೇಕಾಗಂಗಿಲ್ಲ, ಕಾಲೂ ಬೇಕಾಗಂಗಿಲ್ಲ,” ಎಂದಳು. ಅವಳು ಚುಚ್ಚಿ ಹೇಳಿದಳೋ ಸಮಾಧಾನಕ್ಕೆ ಹೇಳಿದಳೋ ಇವತ್ತಿಗೂ ನನಗೆ ತಿಳಿಯದು. ಕಾಲು ಎಂಬ ಪದ ಮಾತ್ರ ತಲೆಯಲ್ಲಿ ಉಳಿಯಿತು. ಅಥವಾ ಕಾಲಿನ ಯೋಚನೆ ಮೊದಲೇ ಬಂದಿದ್ದು, ನೆನಪು ಅದನ್ನು ಅವಳ ಬಾಯಿಗೆ ಹಾಕಿರಬಹುದು.

ಕೀಬೋರ್ಡಿಗೆ ಕಾಲಿನ ವಾಲ್ಯೂಮ್ ಪೆಡಲ್ ಇರುತ್ತದೆ. ಮುಂಗಾಲು ಒತ್ತಿದರೆ ದನಿ ಏರುತ್ತದೆ, ಹಿಮ್ಮಡಿ ಒತ್ತಿದರೆ ಇಳಿಯುತ್ತದೆ. ಕೀಬೋರ್ಡಿನವನು ತನ್ನದನ್ನೇ ಕೊಟ್ಟು, “ಮುರೀಬ್ಯಾಡ, ಬೆರಳಲ್ಲ ಇದು,” ಎಂದ. ಗಿಟಾರಿನಿಂದ ನೇರ ಪೆಡಲಿಗೆ, ಪೆಡಲಿನಿಂದ ಡಬ್ಬಿಗಳಿಗೆ ತಂತಿ ಹಾಕಿದೆ. ಗುಂಡಿ ಇದ್ದದ್ದು ಗಿಟಾರಿನ ಮೈಮೇಲೆ; ಅದರ ಬದಲಿಗೆ ಬಂದದ್ದು ಅದರ ಪಕ್ಕದಲ್ಲೇ ಇರಬೇಕು ಎಂಬುದು ನನ್ನ ತರ್ಕ.

ದನಿ ಸತ್ತಿತು. ಪೂರ್ತಿ ಸಾಯಲಿಲ್ಲ, ಕಂಬಳಿ ಹೊದ್ದು ಮಾತಾಡಿದ ಹಾಗಾಯಿತು. ತಂತಿಯ ಮೇಲಿನ ಹೊಳಪೆಲ್ಲ ಹೋಗಿ ಮಂದ ಗುಂಯ್‌ಗುಡುವಿಕೆ ಉಳಿಯಿತು. ಪೆಡಲನ್ನು ಪೂರ್ತಿ ಒತ್ತಿದರೂ ಅಷ್ಟೇ. ನಮ್ಮ ಗಾಯಕಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಅವರು ಕಿವಿ ಮುಚ್ಚಿಕೊಂಡು ನಕ್ಕರು. “ನೆಗಡಿ ಬಂದೈತೇನೋ ನಿನ್ನ ಗಿಟಾರಿಗೆ?”

ಕಾರಣ ಸರಳ. ಗಿಟಾರಿನ ಪಿಕಪ್ಪಿನಿಂದ, ಅಂದರೆ ತಂತಿಯ ಕಂಪನ ಹಿಡಿಯುವ ಸುರುಳಿಯಿಂದ, ಬರುವ ಸಂಕೇತ ಬಹಳ ದುರ್ಬಲ. ಕೀಬೋರ್ಡಿನ ಪೆಡಲಿನೊಳಗಿನ ಪಾಟು, ಅಂದರೆ ದನಿ ಏರಿಸಿ ಇಳಿಸುವ ತಿರುಗುಗುಂಡಿ, ಕೀಬೋರ್ಡಿನ ಬಲವಾದ ಸಂಕೇತಕ್ಕೆ ಮಾಡಿದ್ದು. ಅದರ ರೋಧ ಕಡಿಮೆ. ದುರ್ಬಲ ಸಂಕೇತವನ್ನು ಅದು ಕೆಳಕ್ಕೆಳೆದುಬಿಡುತ್ತದೆ, ಮೊದಲು ಹೋಗುವುದು ತೀಕ್ಷ್ಣ ಸ್ವರಗಳು. ಅದೇ ಪೆಡಲನ್ನು ಡಿಸ್ಟಾರ್ಷನ್ ಡಬ್ಬಿಯ ನಂತರ ಇಟ್ಟಿದ್ದರೆ ಚೆನ್ನಾಗಿಯೇ ನಡೆಯುತ್ತಿತ್ತು, ಡಬ್ಬಿಯಿಂದ ಹೊರಬರುವ ಸಂಕೇತಕ್ಕೆ ಬಲವಿರುತ್ತದೆ. ಆಗ ನನಗೆ ಹೊಳೆಯಲಿಲ್ಲ. ಪೆಡಲೇ ಸರಿಯಿಲ್ಲ ಎಂದು ಹಿಂದಿರುಗಿಸಿದೆ. ಗಿಟಾರಿನ ಪೆಡಲನ್ನು ಬೆಂಗಳೂರಿನಿಂದ ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದರು ವಾದ್ಯದ ಅಂಗಡಿಯವರು. ಮದುವೆ ಕಾಯುವುದಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಏನನ್ನೆಲ್ಲ ಪೆಡಲ್ ಮಾಡಲು ನೋಡಿದೆ ಎಂದರೆ ಹೇಳಲು ನಾಚಿಕೆ. ಹೊಲಿಗೆ ಮಷಿನ್ನಿನ ತುಳಿಹಲಗೆ. ಮುರಿದ ಬಾಗಿಲಿನ ಬಿಜಾಗರಿ. ಹೆಂಡತಿಯ ಈಳಿಗೆಮಣೆಯ ಹಲಗೆಯನ್ನೂ ಬಿಚ್ಚಿದ್ದೆ. ಕೊನೆಗೆ ಸಂಡೂರು ರಸ್ತೆಯ ಲಾರಿ ಗ್ಯಾರೇಜಿಗೆ ಹೋದೆ. ಹೊಸಪೇಟೆಯಲ್ಲಿ ಆಗ ಗಿಟಾರಿನ ಒಂದು ಸ್ಕ್ರೂ ಸಿಗುವುದು ಕಷ್ಟ, ಲಾರಿಯ ಭಾಗ ಮಾತ್ರ ಹೆಜ್ಜೆಗೊಂದು ಬಿದ್ದಿರುತ್ತಿತ್ತು.

“ಹಳೇ ಆಕ್ಸಿಲೇಟರ್ ಪೆಡಲ್ ಐತೇನ್ರಿ ಉಸ್ತಾದ್?” ಎಂದೆ.

ಮೆಕ್ಯಾನಿಕ್ಕು ಲಾರಿಯ ಕೆಳಗಿನಿಂದ ತಲೆ ಹೊರಹಾಕಿದ. “ಯಾವ ಗಾಡೀಗ್ರಿ?”

“ಗಿಟಾರಿಗೆ.”

ಅವನು ಪೂರ್ತಿ ಹೊರಗೆ ಬಂದು ಕುಳಿತ. “ಎದಿ ಮ್ಯಾಲೆ ಗಿಟಾರ್, ಕಾಲಾಗ ಲಾರಿ! ಹಾರ್ನ್ ಒಂದ್ ಇಟ್ಟು ಕೊಡ್ಲೇನ್ರಿ ಮಾಸ್ತರ? ಗೇರ್?”

ನಗುತ್ತಲೇ ಗುಜರಿಯೊಳಗಿಂದ ಒಂದು ಪೆಡಲ್ ಎಳೆದು, ಹಲಗೆಯೊಂದಕ್ಕೆ ಬೋಲ್ಟು ಹಾಕಿಕೊಟ್ಟ. ಒತ್ತಿ ಬಿಟ್ಟರೆ ಅದು ಟಪ್ಪನೆ ಮೇಲೆ ಹಾರಿತು. ಸ್ಪ್ರಿಂಗ್ ತೆಗೆಯಿರಿ ಎಂದೆ.

“ಏ, ಸ್ಪ್ರಿಂಗ್ ತೆಗದ್ರ ಅದು ಆಕ್ಸಿಲೇಟರ್ ಹೆಂಗಾಗತೈತ್ರಿ? ಕಾಲು ತೆಗದ್ರ ಗಾಡಿ ನಿಂದ್ರಬೇಕು. ಇಲ್ಲಾಂದ್ರ ಮದುವಿ ಮನ್ಯಾಗ ಎಲ್ಲಾರ್ನೂ ಕೊಂದು ಬರತೀರಿ.”

ಸ್ಪ್ರಿಂಗ್ ಉಳಿಯಿತು. ಅವನ ಮಾತು ನನಗೆ ಒಪ್ಪಿಗೆಯಾಗಿತ್ತು ಎಂದಲ್ಲ. ಮನೆಗೆ ತಂದು ತೆಗೆದು ನೋಡಿದೆ. ಸ್ಪ್ರಿಂಗ್ ಇಲ್ಲದೆ ಪೆಡಲ್ ತನ್ನ ಭಾರಕ್ಕೇ ಕೆಳಗೆ ಬೀಳುತ್ತಿತ್ತು, ಕಟ್ಟಿದ ದಾರ ಸಡಿಲವಾಗುತ್ತಿತ್ತು. ಮತ್ತೆ ಸಿಕ್ಕಿಸಿದೆ.

ದಾರದ ಕಥೆ ಇದು. ಪೆಡಲ್ ಕಾಲಡಿಯಲ್ಲಿ ಚೂರೇ ಓಲಾಡುತ್ತದೆ, ಪಾಟಿನ ಕಡ್ಡಿ ಹೆಚ್ಚುಕಡಿಮೆ ಒಂದು ಪೂರ್ತಿ ಸುತ್ತು ತಿರುಗಬೇಕು. ಹಳೆಯ ರೇಡಿಯೋದಲ್ಲಿ ಸ್ಟೇಶನ್ನಿನ ಮುಳ್ಳು ಓಡಾಡುವುದು ಒಂದು ಸಣ್ಣ ರಾಟೆಗೆ ಸುತ್ತಿದ ದಾರದಿಂದ. ಆ ದಾರ, ಆ ರಾಟೆ, ಜೊತೆಗೆ ವಾಲ್ವ್ ರೇಡಿಯೋದ ವಾಲ್ಯೂಮ್ ಪಾಟು, ಮೂರನ್ನೂ ರೇಡಿಯೋ ರಿಪೇರಿ ಅಂಗಡಿಯ ಕಸದ ಡಬ್ಬಿಯಿಂದ ಆರಿಸಿಕೊಂಡೆ. ರಾಟೆಯನ್ನು ಪಾಟಿನ ಕಡ್ಡಿಗೆ ಸಿಕ್ಕಿಸಿ, ದಾರವನ್ನು ಅದಕ್ಕೆ ಸುತ್ತಿ ಪೆಡಲಿಗೆ ಕಟ್ಟಿದೆ. ಆ ಪಾಟಿನ ರೋಧ ಬಹಳ ಹೆಚ್ಚು, ಗಿಟಾರಿನ ದುರ್ಬಲ ಸಂಕೇತವನ್ನು ಅದು ಎಳೆಯುವುದಿಲ್ಲ. ಕಿವಿಗೆ ಹೊಂದುವಂತೆ ದನಿಯನ್ನು ನಿಧಾನ ಏರಿಸುವ ಗುಣವೂ ಅದರಲ್ಲಿತ್ತು. ಅದಕ್ಕೂ ಮೊದಲು ಅಂಗಡಿಯಿಂದ ತಂದು ಹಾಕಿದ್ದ ಹೊಸ ಪಾಟು ಹಾಗಿರಲಿಲ್ಲ. ಕಾಲಿಟ್ಟ ಕೂಡಲೇ ದನಿ ಮುಕ್ಕಾಲು ಏರಿ, ಉಳಿದ ದಾರಿಯೆಲ್ಲ ಖಾಲಿ.

ಗುಂಯ್ ಎನ್ನುವ ಸದ್ದು ಬಂತು. ಪೆಡಲಿನ ಕಬ್ಬಿಣದ ಮೈಗೆ ತಂತಿಯ ಹೊರಜಾಲಿಯನ್ನು ಬೆಸೆದ ಮೇಲೆ ನಿಂತಿತು. ಒಂದು ಮಧ್ಯಾಹ್ನ ಮನೆಯಲ್ಲಿ ಸಣ್ಣ ಸ್ಪೀಕರಿಗೆ ಹಚ್ಚಿ ಒಂದೇ ಒಂದು ಸ್ವರ ಉಬ್ಬಿಸಿದೆ. ಬಂತು. ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಸ್ವರ ಮುಗಿದ ಮೇಲೆ ಒಳಗೆ ಹೋದಳು.

ಮರುದಿನ ಪಾಟು ಕರಕರ ಎನ್ನತೊಡಗಿತು. ಬಿಚ್ಚಿದರೆ ಒಳಗೆ ಕೆಂಪು ಧೂಳು. ನಮ್ಮ ಊರಲ್ಲಿ ಅದು ಒಗೆದ ಬಟ್ಟೆಯ ಮೇಲೆ, ಮೊಸರಿನ ಕೆನೆಯ ಮೇಲೆ ಇರುತ್ತಿತ್ತು, ಪಾಟಿನೊಳಗೆ ಇಲ್ಲದಿರುತ್ತದೆಯೇ? ಪೆಟ್ರೋಲಿನಲ್ಲಿ ತೊಳೆದೆ. ಗ್ಯಾರೇಜಿಗೆ ಮತ್ತೆ ಹೋಗಿ ಗೇರ್ ಕಡ್ಡಿಯ ಬುಡಕ್ಕೆ ಹಾಕುವ ಹಳೆಯ ರಬ್ಬರ್ ಚೀಲ ತಂದು ಹೊದಿಸಿದೆ. “ನಾ ಹೇಳಿದ್ದೆ ಗೇರ್ ಬೇಕಾಗತೈತಿ ಅಂತ,” ಎಂದ ಮೆಕ್ಯಾನಿಕ್ಕು.

ಇನ್ನು ಎಲ್ಲಿಡಬೇಕು ಎಂಬ ಪ್ರಶ್ನೆ. ಇದರಲ್ಲಿ ಆಯೇರಿ ಅಡ್ಡ ಬಂತು.

ನಮ್ಮ ಕಡೆ ಮದುವೆಯ ಉಡುಗೊರೆಗಳನ್ನು ಯಾರು ಏನು ಕೊಟ್ಟರು ಎಂದು ಮೈಕಿನಲ್ಲಿ ಓದುತ್ತಾರೆ. ಅದು ಆಯೇರಿ. ಮೊದಲು ಊಟವಾದ ಮೇಲೆ ಒಟ್ಟಿಗೆ ಓದುತ್ತಿದ್ದರು. ಅದಿರಿನ ಕಾಲದಲ್ಲಿ ದೊಡ್ಡವರು ಕಾರಿನಿಂದ ಇಳಿದು ಬಂದ ತಕ್ಷಣ ಹೆಸರು ಕೇಳಬೇಕಾಯಿತು, ಹಾಡು ನಡೆದಿದ್ದರೂ ಸರಿ. ಹಾಗಾಗಿ ಓದುವವರು ಮೈಕ್ ಎತ್ತಿದ ಕೂಡಲೇ ನಾವು ದನಿ ಇಳಿಸಿ, ಅವರು ಮುಗಿಸಿದ ಕೂಡಲೇ ಏರಿಸಬೇಕು. ಕೀಬೋರ್ಡಿನವನು ಕಾಲಿನಿಂದ ಇಳಿಸುತ್ತಾನೆ, ತಬಲಾದವನು ಕೈ ಹಗುರ ಮಾಡುತ್ತಾನೆ. ನನ್ನ ಎಕೋ ಮಾತ್ರ ನಾನು ನಿಂತ ಮೇಲೂ ಹಾಡುತ್ತಿರುತ್ತದೆ. ಹಿಂದೊಮ್ಮೆ ಒಬ್ಬ ದೊಡ್ಡ ಮನುಷ್ಯರ ಹೆಸರಿನ ಮೇಲೆ ಅದು ಹರಿದು, ಅಣ್ಣ ಬೈಸಿಕೊಂಡಿದ್ದರು.

ಆದ್ದರಿಂದ ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯ ಕಾರ್ಯಕ್ರಮಕ್ಕೆ ಪೆಡಲನ್ನು ಎಲ್ಲದರ ಕೊನೆಗೆ ಇಟ್ಟೆ, ಎಕೋದ ನಂತರ, ಮಿಕ್ಸರಿನ ಮುಂಚೆ. ಕಾಲೆತ್ತಿದರೆ ಎಕೋ ಸಮೇತ ಎಲ್ಲವೂ ಬಂದ್. ಮೊದಲ ಆಯೇರಿಗೇ ಕತ್ತರಿಸಿದ ಹಾಗೆ ನಿಂತಿತು. ಅಣ್ಣ ನನ್ನ ಕಡೆ ತಲೆಯಾಡಿಸಿದರು.

ಆಮೇಲೆ ನನ್ನ ಕಾಲು ನನ್ನನ್ನು ಹಾಳುಮಾಡಿತು. ವರ್ಷಗಟ್ಟಲೆ ಬಲಗಾಲಿನಿಂದ ತಾಳ ಹಾಕಿಕೊಂಡು ನುಡಿಸಿದವನು ನಾನು. ಕಾಲು ತಾಳಕ್ಕೆ ಎತ್ತಿದಾಗಲೆಲ್ಲ ಸ್ಪ್ರಿಂಗ್ ದನಿಯನ್ನು ಮುಚ್ಚಿತು, ಇಟ್ಟಾಗಲೆಲ್ಲ ತೆರೆಯಿತು. ಇದೆ, ಇಲ್ಲ, ಇದೆ, ಇಲ್ಲ. ಜನ ವೈರ್ ಲೂಸಾಗಿದೆ ಎಂದು ಸೀಟಿ ಹೊಡೆದರು. ಕಾಲನ್ನು ಒತ್ತಿ ಹಿಡಿದರೆ ಲಾರಿಯ ಸ್ಪ್ರಿಂಗಿಗೆ ಮೀನಖಂಡ ಹಿಡಿದುಕೊಂಡಿತು. ಕುರ್ಚಿ ಎಳೆದುಕೊಂಡು ಕುಳಿತೆ.

ಹೆಣ್ಣು ಒಪ್ಪಿಸುವ ಹಾಡು ಬಂತು. ಸೊನ್ನೆಯಲ್ಲಿ ಮೀಟಿದೆ, ಒತ್ತಿದೆ. ದನಿ ಉಬ್ಬಿತು, ಅದರೊಳಗೆ ‘ಟಣ್’, ಮತ್ತೆ ‘ಟಣ್’. ನಾನು ಬಚ್ಚಿಟ್ಟಿದ್ದ ಮೀಟುವ ಸದ್ದನ್ನು ಎಕೋ ಮೊದಲೇ ಕೇಳಿಸಿಕೊಂಡಿತ್ತು. ಪೆಡಲ್ ತೆರೆದ ಕೂಡಲೇ ಅದನ್ನು ಮತ್ತೆ ಮತ್ತೆ ಒದರಿತು. ಸ್ವರದ ಬಾಲ ಕಾಲೆತ್ತಿದ ಕ್ಷಣದಲ್ಲೇ ಉದುರಿತು. ಯಾವ ಸೆರಗೂ ಮೇಲೇಳಲಿಲ್ಲ. ಮದುಮಗಳ ತಾಯಿ ಊಟದ ಪಂಕ್ತಿಯ ಕಡೆ ಯಾರನ್ನೋ ಕೂಗಿ ಕರೆದರು.

ಟೆಂಪೋದಲ್ಲಿ ಅಣ್ಣ ಹಿಂದಿರುಗಿ ನೋಡದೆ ಹೇಳಿದರು: “ಅವನ ಕೀಬೋರ್ಡ್ ಇದಕ್ಕಿಂತ ಚಲೋ ಅಳತೈತಿ ತಮ್ಮಾ.”

ಆ ವಾಕ್ಯದ ನಂತರದ ದಿನಗಳನ್ನು ನಾನು ಬರೆಯಲಾರೆ. ಬರೆದರೆ ಸುಳ್ಳಾಗುತ್ತದೆ. ಊಟ ಸೇರಲಿಲ್ಲ, ವೇಬ್ರಿಜ್ಜಿಗೆ ಹೋಗಿ ನೋಡಿಬಂದೆ, ಕಿರುಬೆರಳನ್ನು ಬಿಸಿನೀರಲ್ಲಿ ಅದ್ದಿ ಬಗ್ಗಿಸಲು ಹೋಗಿ ಕೂಗಿಕೊಂಡೆ ಎಂಬುದೆಲ್ಲ ನಿಜ, ಯಾವುದು ಯಾವ ದಿನ ಎಂದು ಗೊತ್ತಿಲ್ಲ. ಪೆಡಲನ್ನು ಡಿಸ್ಟಾರ್ಷನ್ ಮತ್ತು ಎಕೋದ ನಡುವೆ ಇಟ್ಟರೆ ಹಾಡು ಸರಿಹೋಗುತ್ತದೆ ಎಂದು ಮಾತ್ರ ಗೊತ್ತಿತ್ತು. ಮೀಟುವ ಸದ್ದು ಎಕೋ ತಲುಪುವ ಮೊದಲೇ ಮುಚ್ಚಿರುತ್ತದೆ. ಕಾಲೆತ್ತಿದ ಮೇಲೂ ಸ್ವರ ತಾನಾಗಿ ಕರಗುತ್ತದೆ. ಆದರೆ ಆಯೇರಿಗೆ ಅದು ನಿಲ್ಲುವುದಿಲ್ಲ. ಹಾಡು ಬೇಕೆಂದರೆ ಹೆಸರಿನ ಮೇಲೆ ಎಕೋ ಹರಿಯುತ್ತದೆ, ಹೆಸರು ಬೇಕೆಂದರೆ ಹಾಡು ಸಾಯುತ್ತದೆ.

ಸಂಡೂರಿನಲ್ಲಿ ಶಾಮಿಯಾನದ ಹಿಂದೆ ಗುಡ್ಡ ಕಡಿದ ಕೆಂಪು ಕಾಣುತ್ತಿತ್ತು. ಬೆಳಿಗ್ಗೆಯಿಂದ ಪೆಡಲ್ ಕೊನೆಯಲ್ಲೇ ಇತ್ತು, ಇಲ್ಲಿ ಯಾರ ಹೆಸರಿನ ಮೇಲೂ ಎಕೋ ಹರಿಯಬಾರದು ಎಂಬ ಅಣ್ಣನ ಮಾತಿನಂತೆ. ಆಯೇರಿ ಓದಲು ಹೆಣ್ಣಿನ ಕಡೆಯ ಹಿರಿಯರೊಬ್ಬರು, ಬಯಲಾಟದ ಗಂಟಲು.

“ಬುಕ್ಕಸಾಗರದ ಸ್ವಾದರಮಾವನ ಕಡಿಂದ ಮದುಮಗಳಿಗೆ ಒಂದು ಹಿತ್ತಾಳಿ ಕೊಡಾ, ಒಂದು ರೇಶ್ಮಿ ಸೀರೀ! ಕಮಲಾಪುರದ ಬೀಗರ ಕಡಿಂದ ಫ್ರಿಜ್ಜು, ಡಬಲ್ ಡೋರೂ!”

ಊಟ ಮುಗಿದು ಹೆಣ್ಣು ಒಪ್ಪಿಸುವ ಹೊತ್ತಾಯಿತು. ಅಣ್ಣ ಕೈ ಎತ್ತಿ ನನಗೆ ತೋರಿಸಿದರು, ಆಮೇಲೆ ಕೀಬೋರ್ಡಿನವನಿಗೂ ಬೆರಳು ತೋರಿಸಿದರು, ತಯಾರಿರು ಎಂದು. ಹಿರಿಯರು ಇನ್ನೂ ಓದುತ್ತಿದ್ದರು. ನಾನು ಕುರ್ಚಿಯಿಂದ ಇಳಿದು ಮೊಣಕಾಲೂರಿದೆ. ಎಕೋದ ತಂತಿಗಳನ್ನು ಕಿತ್ತೆ. ಡಿಸ್ಟಾರ್ಷನ್ನಿನದನ್ನು ಪೆಡಲಿಗೆ, ಪೆಡಲಿನದನ್ನು ಎಕೋಗೆ, ಎಕೋದ್ದನ್ನು ಮಿಕ್ಸರಿಗೆ. ಸ್ಪೀಕರಿನಲ್ಲಿ ಫಟ್ ಎಂದು ಸದ್ದಾಯಿತು. ಅಣ್ಣ ತಿರುಗಿ ನೋಡಿದ ನೋಟ ಈಗಲೂ ನನ್ನ ಕತ್ತಿನ ಹಿಂದೆ ಇದೆ.

ಅಕ್ಕ ಬಗ್ಗಿ ಮೆಲ್ಲಗೆ, “ತಮ್ಮಾ, ಕಾಲು ನಡಗಾಕ ಹತ್ತೈತಲ್ಲೋ,” ಎಂದರು.

“ನಡಗ್ಲಿ ಬಿಡಕ್ಕಾ.”

ಮೀಟಿದೆ. ಒತ್ತಿದೆ. ನಡುಗುವ ಕಾಲಿನಿಂದ ಏರಿದ ದನಿಯೂ ಸಣ್ಣಗೆ ನಡುಗಿತು. ಬೆರಳಿನಿಂದ ಎಂದೂ ಬರದಿದ್ದ ನಡುಕ ಅದು. ಕಾಲೆತ್ತಿದೆ, ಸ್ವರ ತಾನಾಗಿ ಹೋಗುತ್ತ ಹೋಗುತ್ತ ಇನ್ನೊಂದಕ್ಕೆ ದಾರಿ ಬಿಟ್ಟಿತು. ಮುಂದಿನ ಸಾಲಿನಲ್ಲಿ ಒಂದು ಸೆರಗು ಬಾಯಿಗೆ ಹೋಯಿತು. ಆಮೇಲೆ ಮದುಮಗಳ ತಾಯಿಯದು. ಅಕ್ಕ ಹಾಡು ಎತ್ತಿಕೊಂಡರು. ಪಲ್ಲವಿ ಮುಗಿದು ಮತ್ತೆ ನನ್ನ ಸರದಿ.

ಆಗ ಕಾರೊಂದು ಬಂದು ನಿಂತಿತು. ಹಿರಿಯರು ಮೈಕ್ ಎತ್ತಿದರು. ಅಣ್ಣನ ಕೈ ಇಳಿಯಿತು. ನಾನು ಕಾಲೆತ್ತಿದೆ. ಎಲ್ಲ ವಾದ್ಯವೂ ನಿಂತಿತು, ನನ್ನ ಸ್ವರ ಮಾತ್ರ ನಿಲ್ಲದೆ ಶಾಮಿಯಾನದ ತುಂಬ ಸುತ್ತುತ್ತಿತ್ತು. ಹಿರಿಯರು ಬಾಯಿ ತೆರೆದವರು ಹಾಗೇ ನಿಂತರು. ತಿರುಗಿ ನನ್ನ ಕಾಲು ನೋಡಿದರು. ಕಾಲು ಮೇಲೆಯೇ ಇತ್ತು. ಕಾರಿನಿಂದ ಇಳಿದವರೂ ನಿಂತರು. ಸ್ವರ ಪೂರ್ತಿ ಕರಗಿದ ಮೇಲೆ ಹಿರಿಯರು ಹೆಸರು ಓದಿದರು, ಮೊದಲಿನಷ್ಟು ಜೋರಾಗಿ ಅಲ್ಲ.

ಆ ಸ್ವರ ಎಷ್ಟು ಹೊತ್ತು ಸುತ್ತಿತು? ನನಗೆ ಬಹಳ ಉದ್ದವಾಗಿ ನೆನಪಿದೆ. ಎಕೋ ಡಬ್ಬಿಗೆ ಅಷ್ಟು ಉದ್ದದ ಬಾಲ ಇರಲೇ ಇಲ್ಲ.

ಮುಗಿದ ಮೇಲೆ ಸಾವ್ಕಾರ್ರ ಕಡೆಯವರೊಬ್ಬರು ವೇದಿಕೆಯ ಪಕ್ಕ ಬಂದರು. “ನಮ್ಮ ಮಾವಾರ ಹೆಸರು ಓದೂ ಮುಂದ ಯಾಕ ನಿಂತ್ರಿ?”

“ದನಿ ಹೋಗ್ಲಿ ಅಂತ ನಿಂತೆ,” ಎಂದರು ಹಿರಿಯರು, ಮೈಕಿನ ವೈರು ಸುತ್ತುತ್ತ.

“ಇವ್ರ ದನೀಗೆ ನಮ್ಮ ಮಾವಾರು ನಿಂದ್ರಬೇಕೇನ್ರಿ?”

ಅಣ್ಣ ಅವರ ಕೈಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ತಿರುಗಿ ಬಂದು ನನ್ನ ಪೆಡಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಹೆಣ್ಮಕ್ಕಳು ಅತ್ರು,” ಎಂದರು. “ಅದು ಖರೇ. ಆ ಹಾಡು ನಿಂದ. ಉಳಿದ ಹಾಡಿನಾಗ ಇಂಥಾ ತಾಪತ್ರಯ ನನಗ ಬ್ಯಾಡ. ಅವನ ಕೀಬೋರ್ಡಿನಾಗ ಗಿಟಾರ್ ದನೀನೂ ಐತಿ.”

“ಹಂಗಾರ ನಾ ಉಳಿದ ಹೊತ್ತು ಕೆಳಗ ಕುಂದ್ರಲೇನಣ್ಣ?”

“ಏ ಬ್ಯಾಡ. ಸ್ಟೇಜಿನ ಮ್ಯಾಲೆ ಗಿಟಾರ್ ಕಾಣಬೇಕು, ಮಂದಿ ಕೇಳ್ತಾರ. ನೀ ಕೈ ಆಡಿಸ್ತಾ ಇರು. ಕಾಲು ಮಾತ್ರ ಇಡಬ್ಯಾಡ.”

ಕೀಬೋರ್ಡಿನವನು ಇದನ್ನು ಕೇಳಿಸಿಕೊಂಡ. ಅವನು ನಗುತ್ತಾನೆ ಎಂದುಕೊಂಡೆ. ತನ್ನ ವಾದ್ಯಕ್ಕೆ ಬಟ್ಟೆ ಹೊದಿಸಿ ಕೆಳಗಿಳಿದು ಹೋದ.

ಮುಂದಿನ ಕಾರ್ಯಕ್ರಮ ಕಮಲಾಪುರದಲ್ಲಿ. ತಂತಿಗಳು ಸಂಡೂರಿನ ಕ್ರಮದಲ್ಲೇ ಇದ್ದವು. ಬಲಗಾಲನ್ನು ಕುರ್ಚಿಯ ಕೆಳಗೆ ಮಡಚಿಟ್ಟುಕೊಂಡು ಎಲ್ಲ ಹಾಡಿಗೂ ನುಡಿಸಿದೆ. ಪೆಡಲ್ ಮುಚ್ಚಿಯೇ ಇತ್ತು, ತಪ್ಪು ಸ್ವರ ಹಿಡಿದರೂ ಯಾರಿಗೂ ಕೇಳುತ್ತಿರಲಿಲ್ಲ. ಹಿಡಿಯಲೂ ನೋಡಿದೆ, ಬೆರಳು ತಾನಾಗಿ ಸರಿಯಾದ ಜಾಗಕ್ಕೆ ಜಾರಿತು. ಕುಣಿಯುವ ಹಾಡೊಂದು ಮುಗಿದಾಗ ಒಬ್ಬ ವೇದಿಕೆಯ ಬುಡಕ್ಕೆ ಬಂದು, “ಗಿಟಾರ್ ಮಸ್ತ್ ಹೊಡದ್ರಿ ಮಾಸ್ತರ!” ಎಂದು ಕೈ ಚಾಚಿದ. ಕೀಬೋರ್ಡಿನವನು ಬೇರೆ ಕಡೆ ನೋಡಿದ. ಬಗ್ಗದ ಬೆರಳಿನ ಆ ಕೈಯನ್ನೇ ಮುಂದೆ ಮಾಡಿ ಕುಲುಕಿದೆ.

ಕೊನೆಯಲ್ಲಿ ಆ ಹಾಡು ಬಂತು. ಕಾಲು ಹೊರತೆಗೆದೆ, ಜೋಮು ಹಿಡಿದಿತ್ತು. ಪೆಡಲ್ ಒತ್ತಿದಾಗ ಧೂಳು ಒಂದು ಸಲ ಕರ್ ಎಂದಿತು, ಆಮೇಲೆ ದನಿ ಬಂತು. ಹೆಂಗಸರು ಅತ್ತರು.

ಮನೆಗೆ ಬಂದು ಪೆಡಲನ್ನು ಮೂಲೆಗಿಟ್ಟೆ. ಹೆಂಡತಿ ಬೆರಳು ನೋಡಲಿಲ್ಲ, ಕಾಲು ನೋಡಿದಳು. ನಾನು ಕುಂಟುತ್ತಿದ್ದೆ.

“ಇವತ್ತು ಎಲ್ಲಾ ಹಾಡಿಗೂ ನೀವ ಹೊಡದ್ರೇನ್ರಿ?”

“ಎಲ್ಲಾ ಹಾಡಿಗೂ ಹೊಡದೆ,” ಎಂದೆ. ಕೈಗಳ ಮಟ್ಟಿಗೆ ಅದು ನಿಜವಾಗಿತ್ತು.